ಮೊಳೆ ಹೊಡೆದ ಕೊಂಬೆ

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವ ದಾರಿಯಲ್ಲಿ ನಾನು ಕೆಲಸಕ್ಕಿದ್ದ ಊರು ಬರುತ್ತದೆ. ಹೆಸರು ಬೇಡ. ಇದರಲ್ಲಿ ಬರುವವರೆಲ್ಲ ಇನ್ನೂ ಅಲ್ಲೇ ಇದ್ದಾರೆ. ಮರವೂ ಇದೆ.

ಹಿಂದಿನ ವರ್ಷದ ಮಳೆಯಲ್ಲಿ ಆ ಮರದ ಉತ್ತರದ ಕಡೆಯ ಒಂದು ಮೊಂಡು ಕಳಚಿ ಕರೆಂಟಿನ ತಂತಿಯ ಮೇಲೆ ಬಿದ್ದಿತ್ತು. ತಂತಿ ಹರಿದು, ಕೆಳಗೆ ಗಾಡಿ ಹೂಡಿಕೊಂಡು ನಿಂತಿದ್ದ ಎತ್ತು ನಿಂತಲ್ಲೇ ಸತ್ತಿತ್ತು. ಅಲ್ಲಿಂದ ಶಾಲೆಯ ಗೇಟಿಗೆ ದೂರವೇನಿಲ್ಲ. ಹಾಗಾಗಿ ಈ ಸಲ ಮಳೆ ಹಿಡಿಯುವ ಮೊದಲೇ ರಸ್ತೆಬದಿಯ ಮರಗಳನ್ನೆಲ್ಲ ಸವರಬೇಕೆಂದು ಪಂಚಾಯಿತಿ ಕಚೇರಿ ತೀರ್ಮಾನಿಸಿತು. ಅಲ್ಲಿ ನಾನು ಗುತ್ತಿಗೆಯ ನೌಕರಳು. ಕೊಂಬೆ ಕಡಿಯುವವರು ಬೇರೆ, ತಂತಿ ನೋಡಿಕೊಳ್ಳುವವರು ಬೇರೆ. ಜನರ ಜೊತೆ ಮಾತಾಡುವುದು ನನ್ನ ಪಾಲಿಗೆ ಬಂತು. ಇಂಜಿನಿಯರು ಕಡತ ಕೊಡುತ್ತಾ, "ಡಿಬೇಟಲ್ಲಿ ಕಪ್ ತಗೊಂಡೋಳಂತಲ್ಲಮ್ಮ ನೀನು? ಹೋಗು, ಈ ಬೀದಿ ಜನರ ಕೈಲಿ ಒಂದು ತಗೋ ನೋಡೋಣ" ಎಂದು ನಕ್ಕರು.

ಕಪ್ ತೆಗೆದುಕೊಂಡದ್ದು ನಿಜ. ಹಾಸನದ ಕಾಲೇಜಿನಲ್ಲಿ ಓದುವಾಗ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಯಾವ ಕಡೆ ಚೀಟಿ ಎತ್ತಿದರೂ ನಿಂತು ಮಾತಾಡುತ್ತಿದ್ದೆ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಗೋಡೆಯ ಮೇಲಿರುವುದು ಬುದ್ಧನ ಪಟ ಒಂದೇ. ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಶುರುಮಾಡಿದರೆ ಅಪ್ಪ, "ನೀವು ಕಂಡಿದ್ದೀರಾ? ಕಂಡೋರು ಹೇಳಿದ್ದು ಕೇಳಿದ್ದೀರಾ?" ಎಂದು ಎರಡೇ ಪ್ರಶ್ನೆಯಲ್ಲಿ ಮುಗಿಸುತ್ತಿದ್ದರು. ನಾನು ಬೆಳೆದದ್ದು ಹಾಗೆ. ಈಗಲೂ ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸ್ವಲ್ಪ ಸುಲಭ.

ಕೆಲಸಕ್ಕೆ ಒಂದು ಕ್ರಮವಿತ್ತು. ಇಂಜಿನಿಯರು ಮತ್ತು ಲೈನ್‌ಮ್ಯಾನ್ ಬೀದಿ ನಡೆದು, ತೆಗೆಯಬೇಕಾದ ಕೊಂಬೆಗೆ ಬಿಳಿ ಬಣ್ಣದ ಗೆರೆ ಎಳೆಸುತ್ತಿದ್ದರು. ನಾನು ಹಿಂದೆಯೇ ಹೋಗಿ ಮನೆಮನೆಗೆ ಚೀಟಿ ಕೊಟ್ಟು, ಯಾವ ದಿನ, ಎಷ್ಟು ಹೊತ್ತು ಕರೆಂಟ್ ಇರುವುದಿಲ್ಲ, ಗಾಡಿ ಎಲ್ಲಿ ನಿಲ್ಲಿಸಬಾರದು, ದನ ಎಲ್ಲಿ ಕಟ್ಟಬಾರದು ಎಂದು ಹೇಳುತ್ತಿದ್ದೆ. ಬೀದಿಗೊಂದು ವಾಟ್ಸಾಪ್ ಗುಂಪು. ಹಿಂದಿನ ದಿನ ಮೈಕ್ ಕಟ್ಟಿದ ಆಟೋ. ಬೆಳಿಗ್ಗೆ ಲೈನ್‌ಮ್ಯಾನ್ ಸಬ್‌ಸ್ಟೇಷನ್ನಿನಲ್ಲಿ ಕರೆಂಟ್ ತೆಗೆಸಿ ಲೈನ್ ಕ್ಲಿಯರ್ ಪಡೆದು, ಸಲಾಕೆ ಮುಟ್ಟಿಸಿ ತಂತಿಯಲ್ಲಿ ಜೀವವಿಲ್ಲವೆಂದು ತೋರಿಸಿದ ಮೇಲೆಯೇ ಮರಕ್ಕೆ ಏಣಿ.

ಮೊದಲ ಬೀದಿಗಳಲ್ಲಿ ನಾನು ವಾದ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡೆ. ಪ್ರತಿಯೊಬ್ಬರಿಗೂ ಪಕ್ಕದ ಮನೆಯ ಮುಂದಿನ ಮರ ಕಡಿಯಬೇಕು, ತಮ್ಮ ಮುಂದಿನದು ಇರಬೇಕು. ಒಬ್ಬರಿಗೆ ಕಾರಿಗೆ ನೆರಳು ಬೇಕು, ಇನ್ನೊಬ್ಬರ ನೀರಿನ ಸಂಪಿನೊಳಕ್ಕೆ ಎಲೆ ಬೀಳಬಾರದು. ಕುರಿ ಸಾಕಿದವರೊಬ್ಬರು, "ಸೊಪ್ಪು ನಮಗೇ ಆಕ್ಸಿ ಮೇಡಂ, ಬೇಕಾದ್ರೆ ಇಡೀ ಮರಾನೇ ಸವರ್‍ಬುಡಿ, ನಾವೇನ್ ಬ್ಯಾಡ ಅನ್ನಕ್ಕಿಲ್ಲ" ಎಂದು ಉದಾರಿಗಳಾದರು. ಜಗಳವಿತ್ತು, ಬೈಗುಳವಿತ್ತು, ಕಾಫಿಯೂ ಇತ್ತು. ನನಗೆ ಹಿಡಿಸಿತ್ತು.

ಹಿಪ್ಪೆಮರದ ಬೀದಿಯಲ್ಲಿ ಮಾತ್ರ ಯಾರೂ ಜಗಳವಾಡಲಿಲ್ಲ.

ಹಳೆಯ ಸಾಲುಮರಗಳಲ್ಲಿ ಉಳಿದುಕೊಂಡ ಒಂಟಿ ಮರ ಅದು, ಹಿಂದಿನ ವರ್ಷ ಮೊಂಡು ಬಿದ್ದದ್ದು ಅದರದೇ. ಹೂವು ಮುಗಿದು ತಾಮ್ರದ ಬಣ್ಣದ ಚಿಗುರು ಬಂದಿತ್ತು. ಕೆಳಗಿನ ಮಣ್ಣಿನಲ್ಲಿ ಕೊಳೆತ ಹೂವಿನ ಸಿಹಿ ವಾಸನೆ ಇನ್ನೂ ಹೋಗಿರಲಿಲ್ಲ. ದಕ್ಷಿಣದ ಕಡೆ ಒಂದು ದೊಡ್ಡ ಕೊಂಬೆ ಶಾಲೆಯ ದಾರಿಯನ್ನೂ ತಂತಿಯನ್ನೂ ದಾಟಿ, ಎದುರಿನ ದೊಡ್ಡಮನೆಯ ಮಹಡಿಯ ಕಿಟಕಿಯ ಹತ್ತಿರಕ್ಕೆ ಚಾಚಿಕೊಂಡಿತ್ತು. ಆ ಮನೆಯವರು ತಲೆಮಾರುಗಳಿಂದ ಅಲ್ಲಿ ಜಮೀನು ಉಳ್ಳವರು. ಹಿರಿಯ ಮಗ ಹಿಂದೆ ಪಂಚಾಯಿತಿ ಸದಸ್ಯರಾಗಿದ್ದವರು. ಆ ಕೊಂಬೆಗೆ ಬುಡದಲ್ಲಿ ಬಿಳಿ ಗೆರೆ ಬಿತ್ತು. ಜಗುಲಿಗಳಲ್ಲಿದ್ದವರು ನೋಡಿದರು. ಒಂದು ಮಾತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಒಂದು ಹೆಬ್ಬೆಟ್ಟೂ ಇಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಗೆರೆಯನ್ನು ಯಾರೋ ಕೆರೆದು ಹಾಕಿದ್ದರು. ಮತ್ತೆ ಹಚ್ಚಿಸಿದೆ. ಮತ್ತೊಂದು ಬೆಳಗಿಗೆ ಅದರ ಮೇಲೆ ಸಗಣಿ ಬಳಿದಿತ್ತು.

ಮರದ ಕೆಳಗೆ ಒಬ್ಬ ಹೆಂಗಸು ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಿದ್ದಳು. ಬೀದಿಯವರೆಲ್ಲ ಸೊಪ್ಪಿನವ್ವ ಎನ್ನುತ್ತಿದ್ದರು. ಚೀಟಿ ಕೊಟ್ಟು, ಕೆಲಸದ ದಿನ ಬೇರೆ ಕಡೆ ಕೂರಬೇಕೆಂದೆ.

"ಎಲ್ಲಿಗೆ ಓಗ್ಲವ್ವ?"

"ಶಾಲೆ ಕಾಂಪೌಂಡ್ ಪಕ್ಕ ಕೂತ್ಕೊಳ್ಳಿ. ಅಲ್ಲೂ ನೆರಳಿದೆ."

"ಅಲ್ಲಿಂದ ಕಾಣಕ್ಕಿಲ್ಲ."

"ಏನು ಕಾಣಲ್ಲ?"

ಅವಳು ದಂಟಿನ ಕಟ್ಟಿಗೆ ನೀರು ಚಿಮುಕಿಸಿದಳು. "ಗಿರಾಕಿ" ಎಂದಳು.

ಕೆಲಸದ ದಿನ ಎಲ್ಲ ಕ್ರಮವಾಗಿಯೇ ಶುರುವಾಯಿತು. ಇಂಥ ದೊಡ್ಡ ಕೊಂಬೆಯನ್ನು ಒಂದೇ ಏಟಿಗೆ ಬುಡದಲ್ಲಿ ಕೊಯ್ದರೆ ಅದರ ಭಾರಕ್ಕೆ ಕಾಂಡದ ತೊಗಟೆ ಸಿಗಿದುಕೊಂಡು ಬರುತ್ತದೆ. ಅದಕ್ಕೇ ಬುಡದಿಂದ ಆಚೆ, ಮೊದಲು ಕೆಳಗಡೆಯಿಂದ ಒಂದು ಕಚ್ಚು, ಆಮೇಲೆ ಅದಕ್ಕಿಂತ ಸ್ವಲ್ಪ ಮುಂದೆ ಮೇಲಿನಿಂದ ಕೊಯ್ತ. ಭಾರವೆಲ್ಲ ಹಗ್ಗದಲ್ಲಿ ಇಳಿದ ಮೇಲೆ ಉಳಿದ ಮೊಂಡನ್ನು, ಕೊಂಬೆ ಹುಟ್ಟುವಲ್ಲಿನ ಉಬ್ಬಿಗೆ ಸರಿಯಾಗಿ ತೆಗೆಯಬೇಕು. ಆಗ ಗಾಯ ಮುಚ್ಚಿಕೊಳ್ಳುತ್ತದೆ. ಮೊಂಡು ಬಿಟ್ಟರೆ ಅದು ಒಣಗಿ, ನೀರು ಕುಡಿದು, ಒಳಗೊಳಗೇ ಕೊಳೆಯುತ್ತದೆ. ಎತ್ತು ಸತ್ತದ್ದು ಅಂಥ ಮೊಂಡಿನಿಂದಲೇ. ಅದಕ್ಕೂ ಹಿಂದೆ ಯಾವಾಗಲೋ ಸವರಿದವರು ಬಿಟ್ಟು ಹೋಗಿದ್ದು.

ಗರಗಸದ ಮಿಷನ್ ಹಿಡಿಯುವವನು ಏಣಿ ಹತ್ತಿ, ಕೆಲಸಕ್ಕೆ ಅಡ್ಡವಿದ್ದ ಒಂದು ಸಣ್ಣ ರೆಂಬೆಯನ್ನು ಬುಡದ ಹತ್ತಿರ ಕೊಯ್ಯತೊಡಗಿದ. ಇದ್ದಕ್ಕಿದ್ದಂತೆ ಸದ್ದು ಬದಲಾಯಿತು. ಕಿರ್‍ರೆಂದು ಕಿಡಿ ಹಾರಿತು, ಗರಗಸದ ಚೈನು ಹರಿದು ಅವನ ಕೈಗವಸಿಗೆ ಬಡಿಯಿತು. ಕೈಗೆ ಏನೂ ಆಗಲಿಲ್ಲ. ಇಳಿದು ಬಂದವನ ಮುಖ ಮಾತ್ರ ಬೂದಿಯಂತಾಗಿತ್ತು. ಗ್ಯಾಂಗಿನ ಮೇಸ್ತ್ರಿ ಹತ್ತಿ ನೋಡಿ, ನಿಧಾನಕ್ಕೆ ಇಳಿದು, ಟವಲಿನಲ್ಲಿ ಕೈ ಒರೆಸಿಕೊಂಡ.

"ಮೊಳೆ ಮರ ಕಣ್ ಮೇಡಂ ಇದು. ಮೊದ್ಲೇ ಯೋಳ್ಬಾರ್ದಾ?"

"ಯಾರೋ ಬ್ಯಾನರ್ ಕಟ್ಟೋಕೆ ಹೊಡೆದಿರ್ತಾರೆ. ಇನ್ನೊಂದು ಚೈನ್ ಹಾಕಿ."

"ಬ್ಯಾನರ್ ಕಟ್ಟೋಕೆ ಇಂಗಾ ಒಡೀತಾರೆ? ತೊಗ್ಟೆ ಬೆಳ್ದು ನುಂಗ್ಬುಟ್ಟೈತೆ. ಇದು ಕೂರ್ಸಿರೋ ಮೊಳೆ. ನಮ್ ಉಡುಗ್ರು ಮುಟ್ಟಕ್ಕಿಲ್ಲ."

ಆ ಕಡೆಯ ರೂಢಿ ನನಗೆ ಗೊತ್ತಿಲ್ಲದ್ದೇನಲ್ಲ. ಅಕಾಲದಲ್ಲಿ ಸತ್ತವರು ಯಾರದಾದರೂ ಮೈಮೇಲೆ ಬಂದು ಮಾತಾಡತೊಡಗಿದರೆ, ಗೊತ್ತಿದ್ದವನೊಬ್ಬನನ್ನು ಕರೆಸುತ್ತಾರೆ. ಅವನು ಆ ಆತ್ಮವನ್ನು ಮೊಳೆಗೆ ಕಟ್ಟಿ ಮರಕ್ಕೆ ಹೊಡೆಯುತ್ತಾನೆ. ಮೊಳೆ ಇರುವವರೆಗೂ ಅದು ಅಲ್ಲೇ ಇರಬೇಕು, ಕಿತ್ತರೆ ಬಿಡುಗಡೆ. ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ.

ಮೂಢನಂಬಿಕೆ ಇರಲಿ, ಕಬ್ಬಿಣವಂತೂ ಇದೆ. ಎಲ್ಲೆಲ್ಲಿದೆ ಎಂದು ತಿಳಿಯದೆ ಮಿಷನ್ ಮುಟ್ಟಿಸುವಂತಿಲ್ಲ. ಮೈಕಿನ ಆಟೋದವನ ಹತ್ತಿರ ಕೆಟ್ಟುಹೋದ ಸ್ಪೀಕರ್ ಇತ್ತು. ಅದರ ಅಯಸ್ಕಾಂತ ಬಿಚ್ಚಿಸಿ ಬಿದಿರು ಗಳದ ತುದಿಗೆ ಸಡಿಲವಾಗಿ ಕಟ್ಟಿ, ಆ ಸಂಜೆಯೇ ಮರದ ಸುತ್ತ ಹಿಡಿದುಕೊಂಡು ಹೊರಟೆ. ತೊಗಟೆಯ ಒಳಗೆ ಕಬ್ಬಿಣವಿದ್ದಲ್ಲಿ ಅದು ತಾನಾಗಿ ಎಳೆದುಕೊಂಡು ಟಕ್ ಎಂದು ಅಂಟುತ್ತಿತ್ತು. ಅಲ್ಲಿಗೆ ಸೀಮೆಸುಣ್ಣದ ಒಂದು ಸುತ್ತು.

ಬೀದಿಯವರು ಜಗುಲಿಗೆ ಬಂದು ನಿಂತಿದ್ದರು. ಮೊದಲ ಟಕ್‌ಗೆ, ಹಿಟ್ಟಿನ ಗಿರಣಿಯ ಪಕ್ಕದ ಮನೆಯವರು ಎದ್ದು ಒಳಗೆ ಹೋದರು. ಎರಡನೆಯದಕ್ಕೆ ಮೂಲೆಮನೆಯವರು. ಕಾಕತಾಳೀಯ ಎಂದುಕೊಂಡೆ. ಅದರ ಮುಂದಿನದಕ್ಕೆ ಟೈಲರ್ ಮಿಷನ್ ತುಳಿಯುತ್ತಿದ್ದವನು ತುಳಿಯುವುದನ್ನು ನಿಲ್ಲಿಸಿ, ಬಟ್ಟೆ ಹಾಗೇ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡ. ಅಯಸ್ಕಾಂತ ಅಂಟಿದ ಹಾಗೆಲ್ಲ ಒಂದೊಂದು ಮನೆಯ ಜಗುಲಿ ಖಾಲಿಯಾಗುತ್ತಿತ್ತು. ಯಾವ ಮೊಳೆ ಯಾರ ಮನೆಯದೆಂದು ತೊಗಟೆಯ ಮೇಲೆ ಏನೂ ಕಾಣುವುದಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ದಕ್ಷಿಣದ ಕೊಂಬೆಯ ಬುಡದಲ್ಲಿ, ಕೊಯ್ಯಬೇಕಾದ ಉಬ್ಬಿನ ಮೇಲೆ ಸರಿಯಾಗಿ ಅದು ಅಂಟಿದಾಗ, ದೊಡ್ಡಮನೆಯ ಮಹಡಿಯ ಕಿಟಕಿ ಮುಚ್ಚಿತು. ಮುಚ್ಚಿದ್ದು ಒಂದು ಮುದಿ ಕೈ.

ಅಯಸ್ಕಾಂತವನ್ನು ಬಿಡಿಸಿಕೊಂಡವಳೇ ಗಳವನ್ನು ಕೆಳಗೆ ಹಾಕಿದೆ. ಗಳ ಉದ್ದವಿತ್ತು, ತೋಳು ಸೋತಿತ್ತು. ಆಗ ಕೊಟ್ಟುಕೊಂಡ ಕಾರಣ ಅದು.

ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಸಭೆ. ಹಾಲು ಹಾಕಲು ಹೇಗೂ ಎಲ್ಲರೂ ಬರುತ್ತಾರೆಂದು ನಾನೇ ಆರಿಸಿದ ಜಾಗ. ಮಾಜಿ ಸದಸ್ಯರು ಕ್ಯಾನಿಗೆ ಒರಗಿ ನಿಂತರು. ಶುಭ್ರ ಪಂಚೆ, ತೂಕದ ಮಾತು.

"ಮೇಡಂ, ನೀವು ಓದಿರೋರು. ನಾವೇನು ಕೆಲ್ಸ ಬ್ಯಾಡ ಅಂತಿಲ್ಲ. ಆ ಕೊಂಬೆ ಒಂದ್ ಬುಟ್ಬುಡಿ."

"ಬಿಟ್ಟರೆ ಮಳೆಗೆ ತಂತಿ ಮೇಲೆ ಬೀಳುತ್ತೆ. ಕೆಳಗೆ ಮಕ್ಕಳು ಓಡಾಡ್ತಾರೆ. ಕಳೆದ ಸಲ ಎತ್ತು, ಈ ಸಲ?"

"ಮೊಳೆ ಅಲುಗಾಡುದ್ರೂ ಮಕ್ಕಳಿಗೇ ತೊಂದ್ರೆ."

"ಯಾರಿಗೆ ಆಗಿದೆ? ಯಾವಾಗ ಆಗಿದೆ? ಒಂದು ಉದಾಹರಣೆ ಕೊಡಿ."

"ಕಿತ್ತಿಲ್ವಲ್ಲ, ಅದ್ಕೇ ಆಗಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಇಂಥ ವಾದವನ್ನು ಮುರಿಯುವುದು ನನಗೆ ಎಡಗೈ ಕೆಲಸ. ಕಿತ್ತಿಲ್ಲವೆಂದರೆ ಕಿತ್ತರೆ ಏನಾಗುತ್ತದೆಂದು ಗೊತ್ತಿರಲು ಸಾಧ್ಯವಿಲ್ಲ, ಗೊತ್ತಿಲ್ಲದ್ದಕ್ಕೆ ಹೆದರಿ ಗೊತ್ತಿರುವ ಅಪಾಯವನ್ನು ತಲೆಮೇಲೆ ಕಟ್ಟಿಕೊಳ್ಳುವುದು ಯಾವ ಲೆಕ್ಕ ಎಂದೆ. ಮೊಳೆ ಅಂದರೆ ಕಬ್ಬಿಣ, ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ ಎಂದೆ. ಸತ್ತವರು ಮಾತಾಡುವುದಿಲ್ಲ, ಮೈಮೇಲೆ ಬರುವುದೆಲ್ಲ ಬದುಕಿರುವವರ ನಾಟಕ ಅಥವಾ ಕಾಯಿಲೆ ಎಂದೆ. ಕೊನೆಗೆ, "ನಿಮಗ್ಯಾರಿಗೂ ಧೈರ್ಯ ಇಲ್ಲದಿದ್ದರೆ ಬಿಡಿ, ನಾನೇ ಹತ್ತಿ ಕೀಳ್ತೀನಿ. ಬಂದರೆ ನನ್ನ ಮೈಮೇಲೆ ಬರಲಿ" ಎಂದೂ ಅಂದೆ.

ಹಾಲಿನ ಅಳತೆ ಹಾಕುತ್ತಿದ್ದವನೂ ಕೈ ನಿಲ್ಲಿಸಿದ.

ಮಾಜಿ ಸದಸ್ಯರೇ ದಾರಿ ತೋರಿಸಿದರು. "ಜಗಳ ಯಾಕೆ? ಮೊಳೆಯಿಂದ ಆಚೀಕೆ ಕುಯ್ರಿ. ಒಂದು ಮೊಳದ ಮೊಂಡು ಬುಟ್ಬುಡಿ. ನಿಮ್ ತಂತಿನೂ ಉಳೀತು, ನಮ್ ನೆಮ್ಮದಿನೂ ಉಳೀತು. ಸಾಹೇಬ್ರಿಗೆ ನಾನೇ ಫೋನ್ ಮಾಡ್ತೀನಿ."

ಮಾಡಿದರು. ಇಂಜಿನಿಯರು ನನಗೆ, "ಅಷ್ಟು ಬಿಟ್ಟುಬಿಡಮ್ಮ, ಸಂಜೆಯೊಳಗೆ ಮುಗಿಸಿಬಿಡು" ಎಂದರು. ಕೆಟ್ಟ ಚೌಕಾಸಿಯೇನಲ್ಲ. ಯೋಚಿಸಿ ಹೇಳುತ್ತೇನೆಂದೆ.

ಮರದ ಹತ್ತಿರ ಬಂದಾಗ ಸೊಪ್ಪಿನವ್ವ ಕಟ್ಟು ಕಟ್ಟುತ್ತಿದ್ದಳು. ಬಿಸಿಲು ಏರಿತ್ತು. ನೆರಳೆಲ್ಲ ಕಾಂಡದ ಆ ಬದಿಗಿದ್ದರೆ ಅವಳು ಈ ಬದಿಗೆ, ಮುಖಕ್ಕೆ ಬಿಸಿಲು ಬೀಳುವ ಹಾಗೆ ಕೂತಿದ್ದಳು.

"ಡೈರಿತಾವ ಅಂದ್ಯಂತಲ್ಲ. ನಾನೇ ಕೀಳ್ತೀನಿ ಅಂತ. ದಿಟವಾ, ಇಲ್ಲ ಬರೀ ಬಾಯ್ಮಾತಾ?"

"ಯಾಕವ್ವ?"

"ಅದು ನನ್ ಮಗ್ಳುದು."

ಗದ್ದಲವಿಲ್ಲದೆ, ಕಟ್ಟು ಬಿಗಿಯುತ್ತಲೇ ಹೇಳಿದಳು. ಅವಳ ಊರು ಅರಕಲಗೂಡಿನ ಆಚೆ, ಈ ಮರದ ಕೆಳಗೆ ಬಂದು ಕೂತದ್ದು ಮಗಳು ಸತ್ತ ಮೇಲೆ. ಮಗಳನ್ನು ದೊಡ್ಡಮನೆಯ ಕಿರಿಯ ಮಗನಿಗೆ ಕೊಟ್ಟಿದ್ದರು. ಹುಡುಗಿ ತೋಟದ ಬಾವಿಗೆ ಬಟ್ಟೆ ಒಗೆಯಲು ಹೋಗಿ ಜಾರಿಬಿದ್ದಳೆಂದು ಹೇಳಿಕಳಿಸಿದರು. ಇವಳು ಬರುವ ಹೊತ್ತಿಗೆ ಮಣ್ಣಾಗಿತ್ತು. ಗಂಡ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಗಿ ಹಾಸನ ಸೇರಿದ. ಪೊಲೀಸರಿಗೆ ಹೇಳಲು ಇವಳ ಕೈಯಲ್ಲಿ ಏನಿತ್ತು? ಆದರೆ ತಿಥಿಯ ದಿನ, ಪಕ್ಕದ ಮನೆಯ ಹುಡುಗಿಯೊಬ್ಬಳು ತುಂಬಿದ ಪಂಕ್ತಿಯ ನಡುವೆ ಎದ್ದು ನಿಂತು, ಇವಳ ಮಗಳ ದನಿಯಲ್ಲಿ, "ನಾನು ಜಾರ್‍ನಿಲ್ಲ" ಎಂದಳಂತೆ.

"ಅಷ್ಟೇ ಅಂದಿದ್ದು ಕಣವ್ವ. ಇನ್ನೊಂದ್ ಮಾತು ಬಾಯಿಗೆ ಬರೋದ್ರೊಳಗೆ ಆ ಮಗೀನ ಬಾಯಿಗೆ ಬಟ್ಟೆ ತುರುಕುದ್ರು. ಮಾರ್ನೆ ದಿನುವೇ ಮೊಳೆ ಒಡುಸ್ಬುಟ್ರು. ಎದ್ರುಕೊಂಡು ಒಡುದ್ರು ಅಂತ ಬೀದಿ ಅಂದ್ಕೊಂಡೈತೆ. ಎದ್ರುಕೊಂಡೇ ಒಡುದ್ರು. ಏನೇಳ್ಬುಡ್ತಾಳೋ ಅಂತ."

ನಾನು ಸಮಾಧಾನಕ್ಕೆಂದು ಬಾಯಿ ತೆರೆದೆ. ಬಂದದ್ದು ನನಗೆ ಗೊತ್ತಿದ್ದ ಮಾತೇ. "ಅವ್ವ, ಆ ಮೊಳೆಯಲ್ಲಿ ಏನೂ ಇಲ್ಲ. ನಿಮ್ಮ ಮಗಳು ಅಲ್ಲಿಲ್ಲ."

ಅವಳು ಕೈಯಲ್ಲಿದ್ದ ಕಟ್ಟನ್ನು ಗೋಣಿಯ ಮೇಲೆ ಇಟ್ಟಳು. "ಅಂಗಾದ್ರೆ ಎಲ್ಲವ್ಳೆ, ನೀನೇ ಯೋಳು. ಮನ್ಲಿಲ್ಲ, ಬಾವೀಲಿ ಜಾರ್‍ದ್ಲು ಅಂತಾರೆ, ಅದೂ ಇಲ್ಲ. ಇಲ್ಲೂ ಇಲ್ಲ ಅಂದ್ರೆ, ನನ್ ಮಗ್ಳು ಇರ್‍ನೇ ಇಲ್ಲ ಅಂದಂಗಾಯ್ತದಲ್ಲವ್ವ."

ವೇದಿಕೆಯಾಗಿದ್ದರೆ ಉತ್ತರ ಹುಟ್ಟುತ್ತಿತ್ತು. ಅವಳು ಕೆಳಗಿಟ್ಟ ಕಟ್ಟನ್ನು ಕೊಂಡು ಅಲ್ಲಿಂದ ಹೊರಟೆ.

ಆ ಮಧ್ಯಾಹ್ನವೆಲ್ಲ ನನ್ನ ಜೊತೆ ನಾನೇ ವಾದ ಮಾಡಿದೆ. ಡೈರಿಯ ಮುಂದೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಆ ಪಂಕ್ತಿಯಲ್ಲಿ ನಾನು ಕೂತಿದ್ದರೆ, ಎದ್ದು ನಿಂತ ಹುಡುಗಿಗೆ "ನಾಟಕ" ಎಂದು ಮೊದಲು ಹೇಳುತ್ತಿದ್ದವಳು ನಾನೇ. ಬಟ್ಟೆ ತುರುಕುವುದಕ್ಕೂ ಅದಕ್ಕೂ ಎಷ್ಟು ಅಂತರ? ದೆವ್ವ ಇಲ್ಲವೆನ್ನುವ ನಾನೂ ದೆವ್ವಕ್ಕೆ ಹೆದರುವ ಮಾಜಿ ಸದಸ್ಯರೂ ಒಂದೇ ಬಾಯನ್ನು ಮುಚ್ಚುತ್ತಿದ್ದೆವು.

ಅನುಕಂಪದಿಂದ ತೀರ್ಮಾನ ಮಾಡಬಾರದೆಂದುಕೊಂಡೆ. ಮರದ ದೃಷ್ಟಿಯಿಂದ ನೋಡಿದೆ. ಮೊಂಡು ಬಿಟ್ಟರೆ ಎರಡು ಮಳೆಗಾಲದಲ್ಲಿ ಅದರ ತುದಿಯಿಂದ ಚಿಗುರು ಹೊರಟು ನೇರ ತಂತಿಗೆ ಹೋಗುತ್ತದೆ. ಮೊಂಡು ಕೊಳೆತು ಶಾಲೆಯ ದಾರಿಗೆ ಬೀಳುತ್ತದೆ. ಉಬ್ಬಿಗೆ ಸರಿಯಾಗಿ ಕೊಯ್ಯಬೇಕು. ಕೊಯ್ಯಬೇಕಾದರೆ ಮೊಳೆ ತೆಗೆಯಲೇಬೇಕು. ಸೊಪ್ಪಿನವ್ವ ಎಂಬುವಳು ಇಲ್ಲದಿದ್ದರೂ ತೀರ್ಮಾನ ಇದೇ. ಇಷ್ಟು ತಿಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

ಇಂಜಿನಿಯರಿಗೆ ಫೋನಿನಲ್ಲಿ ಹೇಳಿದೆ. "ಮೊಂಡು ಬಿಟ್ಟು ಏನಾದರೂ ಆದರೆ, ಬಿಡಿ ಅಂತ ಹೇಳಿದ್ದು ಯಾರು ಅಂತ ಕೇಳ್ತಾರೆ ಸರ್."

ಡೈರಿಯ ಮಾತು ಅವರಿಗೂ ಮುಟ್ಟಿತ್ತು. "ಹತ್ತೋದು ನೀನೇನಾ? ಬೆಲ್ಟ್ ಹಾಕ್ಕೊ. ಲೈನ್ ಕ್ಲಿಯರ್ ಇಲ್ಲದೆ ಏಣಿ ಮುಟ್ಟಬೇಡ. ನನಗೆ ಇನ್ನೇನೂ ಹೇಳಬೇಡ."

ಜನರಿಗೆ ತಿಳಿಸುವುದು ನನ್ನ ಕೆಲಸ. ಕದ್ದು ಕೀಳುವ ಮಾತಿಲ್ಲ. ಆಟೋದ ಮೈಕಿನವನು, "ನಾಳೆ ಬೆಳಿಗ್ಗೆ ವಿದ್ಯುತ್ ವ್ಯತ್ಯಯವಾಗಲಿದೆ, ವಾಹನಗಳನ್ನು ನಿಲ್ಲಿಸಬಾರದು" ಎಂದು ರಾಗವಾಗಿ ಓದಿ, ಮುಂದಿನ ಸಾಲಿಗೆ ಬಂದವನೇ ಮೈಕನ್ನು ನನ್ನ ಕೈಗೆ ತುರುಕಿದ. "ಇದ್ನ ನೀವೇ ಯೋಳ್ಕೊಳಿ ಮೇಡಂ. ನಂಗೆ ಎಡ್ತಿ ಮಕ್ಳವ್ರೆ." ಆಟೋ ಬೀದಿಯ ಉದ್ದಕ್ಕೂ ತೆವಳಿತು. ದಕ್ಷಿಣದ ಕೊಂಬೆಯ ಬುಡದಲ್ಲಿರುವ ಮೊಳೆಯನ್ನು ನಾಳೆ ತೆಗೆಯಲಾಗುವುದು ಎಂದು ನಾನೇ ಹೇಳುತ್ತಾ ಹೋದೆ. ನನ್ನ ಸ್ವರ ಗೋಡೆಗಳಿಗೆ ಬಡಿದು ಹಿಂದಿರುಗುತ್ತಿತ್ತು. ಯಾರದೋ ಸ್ವರದಂತೆ ಕೇಳಿಸಿತು.

ಮರುದಿನ ಬೀದಿಯಲ್ಲಿ ಒಂದು ಮಗುವನ್ನೂ ಹೊರಗೆ ಬಿಟ್ಟಿರಲಿಲ್ಲ. ದೊಡ್ಡವರು ಮಾತ್ರ ಜಗುಲಿಗಳಲ್ಲಿ ತುಂಬಿ ನಿಂತಿದ್ದರು. ಲೈನ್‌ಮ್ಯಾನ್ ತಂತಿಗೆ ಸಲಾಕೆ ಮುಟ್ಟಿಸಿ ಕೈ ಎತ್ತಿದ. ಮೇಸ್ತ್ರಿ ನನ್ನ ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಏಣಿ ಹಿಡಿದ. "ನಾನು ಏಣಿ ಇಡ್ಕೊಂಡಿದ್ದೀನಿ ಅಷ್ಟೇಯಾ. ಮೊಳೆ ಸಾವಾಸ ನಂದಲ್ಲ" ಎಂದು ಯಾರಿಗೆ ಕೇಳಿಸಬೇಕೋ ಅವರಿಗೆ ಕೇಳಿಸುವಂತೆ ಮೇಲಕ್ಕೆ ನೋಡಿ ಹೇಳಿದ.

ತೊಗಟೆಯ ಸೀಮೆಸುಣ್ಣದ ಸುತ್ತಿನ ಮೇಲೆ ಉಳಿ ಇಟ್ಟು ಬಡಿದೆ. ಹಿಪ್ಪೆಯ ತೊಗಟೆಯೊಳಗೆ ಹಾಲಿದೆ. ಕಿತ್ತಲ್ಲೆಲ್ಲ ಬೆಳ್ಳಗೆ ಒಸರಿ ಕೈಗೆ ಅಂಟಿತು. ಸ್ವಲ್ಪ ಆಳದಲ್ಲಿ ತಲೆ ಸಿಕ್ಕಿತು, ಸುತ್ತಲಿನ ಮರ ಕಪ್ಪಗೆ ಕಂದಿತ್ತು. ಬಡಗಿಯಿಂದ ತಂದಿದ್ದ ಸುತ್ತಿಗೆಯ ಸೀಳಿಗೆ ತಲೆ ಸಿಗಿಸಿ, ಕೆಳಗೆ ಒಂದು ಮರದ ಚಕ್ಕೆ ಕೊಟ್ಟು ಅದುಮಿದೆ. ಬರಲಿಲ್ಲ. ಇನ್ನೊಮ್ಮೆ ಅದುಮಿದಾಗ ಒಂದು ಸದ್ದು ಬಂತು. ಗಟ್ಟಿ ಮರದಿಂದ ಮೊಳೆ ಜಾರುವಾಗ ಕಬ್ಬಿಣಕ್ಕೂ ನಾರಿಗೂ ಉಜ್ಜಿ ಅಂಥ ಸದ್ದು ಬರುತ್ತದೆ. ಬಡಗಿಗಳನ್ನು ಕೇಳಿದರೆ ಅವರೂ ಹಾಗೇ ಹೇಳುತ್ತಾರೆ. ನಾನು ಕೇಳಿದ್ದೇನೆ. ಜಗುಲಿಗಳಲ್ಲಿ ಹೆಂಗಸರು ಕಿವಿ ಮುಚ್ಚಿಕೊಂಡರು.

ಮೊಳೆ ನಾನು ಎಣಿಸಿದ್ದಕ್ಕಿಂತ ಉದ್ದವಿತ್ತು. ಕೆಳಗೆ ಸೊಪ್ಪಿನವ್ವ ಸೆರಗು ಒಡ್ಡಿ ನಿಂತಿದ್ದಳು. ಇಳಿದು ಅದರಲ್ಲಿ ಹಾಕಿದೆ. ಅವಳು ಅದನ್ನು ನೋಡಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ರಸ್ತೆ ದಾಟಿ, ದೊಡ್ಡಮನೆಯ ಮೆಟ್ಟಿಲ ಮೇಲೆ ಕೂತಳು. ಬಾಗಿಲು ಮುಚ್ಚಿತ್ತು. ತಲೆಗೂದಲು ಬಿಚ್ಚಿಕೊಂಡಳು.

"ಅತ್ತೆಮ್ಮಾ" ಎಂದಳು.

ಅದು ಅವಳ ದನಿಯಲ್ಲ. ದನಿಯನ್ನು ಬದಲಾಯಿಸುವುದು ಕಷ್ಟವಲ್ಲ ಎಂದು ನನಗೆ ಗೊತ್ತು. ತಾಯಿಗೆ ಮಗಳ ದನಿ ಬಾರದಿರುತ್ತದೆಯೇ?

"ಅತ್ತೆಮ್ಮಾ, ನಾನು ಬಟ್ಟೆ ಒಗ್ಯಕೆ ಓಗಿರ್‍ನಿಲ್ಲ. ಓಗಿದ್ರೆ ಬಟ್ಟೆ ಎಲ್ಲಿತ್ತು ಬಾವಿತಾವ? ನಮ್ಮವ್ವ ಬಂದಾಗ ಒಂದು ಒದ್ದೆ ಬಟ್ಟೆ ತೋರುಸ್ಬೇಕಿತ್ತಲ್ಲ? ಸೋಪು? ಬಕೀಟು? ಏನು ತಗಂಡೋಗಿದ್ದೆ ಅತ್ತೆಮ್ಮಾ ನಾನು? ಒಂದಾದ್ರೂ ಯೋಳಿ."

ಮಾಜಿ ಸದಸ್ಯರು ಗುಂಪು ಸೀಳಿಕೊಂಡು ನನ್ನ ಹತ್ತಿರ ಬಂದರು. ಹಣೆ ಬೆವೆತಿತ್ತು.

"ಮೇಡಂ, ನೀವೇ ಅಂದ್ರಲ್ಲ ಡೈರಿತಾವ, ಇದೆಲ್ಲ ನಾಟ್ಕ ಅಂತ. ಸತ್ತೋರು ಮಾತಾಡಕ್ಕಿಲ್ಲ ಅಂತ. ಯೋಳಿ ಈವಮ್ಮಂಗೆ! ಎಲ್ರ ಮುಂದೇನೂ ಯೋಳಿ!"

ಎಲ್ಲರೂ ನನ್ನನ್ನು ನೋಡಿದರು. ಸೊಪ್ಪಿನವ್ವಳೂ ಒಂದು ಸಲ ತಿರುಗಿದಳು. ಕೂದಲ ನಡುವೆ ಕಂಡ ಆ ಕಣ್ಣು ಪೂರ್ತಿ ಎಚ್ಚರದಲ್ಲಿತ್ತು. ಹಾಗೆ ಕಾಣಬೇಕೆಂದು ನನಗೆ ಬೇಕಾಗಿತ್ತೋ ಏನೋ. ನಾನು ಹೇಳಬೇಕಾದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟೋ ಸಲ ಹೇಳಿ ಪಳಗಿದ್ದು.

"ಅವರು ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ ಸರ್" ಎಂದೆ. "ಬಟ್ಟೆ ಇತ್ತಾ?"

ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಗುಳಿ ತೆಗೆದ ಸದ್ದು. ಬಾಗಿಲಲ್ಲಿ ಅವರ ತಾಯಿ ನಿಂತಿದ್ದರು. ಮಹಡಿಯ ಕಿಟಕಿ ಮುಚ್ಚಿದ ಕೈ ಅದೇ. ಮುದುಕಿ ಯಾರನ್ನೂ ನೋಡದೆ, ಮೆಟ್ಟಿಲ ಮೇಲೆ ಕೂತವಳ ಮುಂದೆ ಕುಸಿದು ಕೂತು, ಅವಳ ಬಿಚ್ಚಿದ ಕೂದಲನ್ನು ಕೈಯಿಂದ ಹಿಂದಕ್ಕೆ ಸರಿಸಿದರು.

"ಬ್ಯಾಡ ಅಂದೆ ಕಣ್ ಮಗ ನಾನು. ಬ್ಯಾಡ ಬುಡ್ಲಾ ಅಂತ ಅಡ್ಡ ಬಂದೆ. ನನ್ನೂ ತಳ್ಬುಟ್ಟು ನಿನ್ ಗಂಡ ನಿನ್ನ ಎಳ್ಕಂಡೋದ. ನಾನೇನ್ ಮಾಡ್ಲಿ, ನನ್ ಒಟ್ಟೇಲಿ ಉಟ್ಟಿದ್ ಮಗ ಅವ್ನು."

"ಅವ್ವಾ!" ಎಂದು ಮಾಜಿ ಸದಸ್ಯರು ಕೂಗಿದರು. ತಾಯಿಯನ್ನು ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದರು. ಬಾಗಿಲು ಹಾಕಿಕೊಂಡಿತು. ಸೊಪ್ಪಿನವ್ವ ಮೆಟ್ಟಿಲ ಮೇಲೆ ಕೂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೂದಲು ಸುತ್ತಿ ಗಂಟು ಹಾಕಿಕೊಂಡಳು.

ಮೇಸ್ತ್ರಿ ಕೆಮ್ಮಿದ. "ಮೇಡಂ, ಲೈನ್ ಕ್ಲಿಯರ್ ಟೈಮು ಮುಗೀತಾ ಬಂತು. ಕುಯ್ಯೋದಾ?"

ಕೊಯ್ದರು. ಕೆಳಗಿನಿಂದ ಕಚ್ಚು, ಮೇಲಿನಿಂದ ಕೊಯ್ತ, ಹಗ್ಗದಲ್ಲಿ ಕೊಂಬೆ ಇಳಿಯಿತು. ಮೊಂಡು ಉಬ್ಬಿಗೆ ಸರಿಯಾಗಿ ಬಂತು. ಮೊಳೆ ಇದ್ದ ಜಾಗ ಆ ಹೊಸ ಗಾಯದ ನಡುವೆ ಒಂದು ಕಪ್ಪು ಚುಕ್ಕೆ. ಆ ಬೀದಿಯಲ್ಲಿ ಸೊಪ್ಪನ್ನು ಕೇಳಲು ಯಾವ ಕುರಿಯವನೂ ಬರಲಿಲ್ಲ. ಕರೆಂಟ್ ಬಂದಾಗ ಯಾರದೋ ಮನೆಯ ಟಿವಿ ಜೋರಾಗಿ ಕೂಗಿಕೊಂಡಿತು, ತಕ್ಷಣ ನಿಂತಿತು.

ಮಾರನೆಯ ದಿನ ನಾನು ಚೀಟಿ ಕೊಟ್ಟ ಮನೆಗಳಿಗೆಲ್ಲ ಮತ್ತೆ ಹೋದೆ. ಅಜ್ಜಿ ಅಂದದ್ದನ್ನು ನೀವೂ ಕೇಳಿದಿರಲ್ಲ ಎಂದೆ. ಗಿರಣಿಯ ಪಕ್ಕದವರು, "ಮಿಷನ್ ಸದ್ದಲ್ಲಿ ಏನ್ ಕೇಳ್ತದೆ ಮೇಡಂ" ಎಂದರು. ಮಿಷನ್ ಆಗ ಆಫ್ ಆಗಿತ್ತು. ಟೈಲರ್, "ನಾವು ದೂರಾ ಇದ್ವಿ" ಎಂದ. ಅವನ ಬಾಗಿಲು ದೊಡ್ಡಮನೆಯ ಮೆಟ್ಟಿಲಿಗೆ ಎದುರೇ ಇದೆ. ಮೂಲೆಮನೆಯಮ್ಮ ಮಾತ್ರ ಬಾಗಿಲು ಹಾಕಿಕೊಳ್ಳುವ ಮೊದಲು ನನ್ನ ಕೈ ಹಿಡಿದು, "ಒಂದ್ ಬಾಯಿ ಬುಡ್ಸುದ್ರೆ ಎಲ್ಲಾರ್‍ದೂ ಬುಡ್ಸ್ಬೇಕಾಯ್ತದೆ, ಬ್ಯಾಡ ಕಣವ್ವ" ಎಂದರು. ಸೀಮೆಸುಣ್ಣದ ಉಳಿದ ಸುತ್ತುಗಳು ಕಾಂಡದ ಮೇಲೆ ಇನ್ನೂ ಹಾಗೇ ಇದ್ದವು. ಆಮೇಲಿನ ದಿನಗಳಲ್ಲಿ ಅಳಿಸಲು ಹೋದೆ, ಆಗಲಿಲ್ಲ. ಅಷ್ಟು ಮನೆಗಳ ಅಷ್ಟು ಜನ ಆ ತೊಗಟೆಯೊಳಗಿಂದ ನನ್ನನ್ನು ನೋಡುತ್ತಿದ್ದಾರೆ ಎಂಬ ಭಾವನೆಗೆ ನನ್ನಲ್ಲಿ ಯಾವ ವಾದವೂ ಇಲ್ಲ. ಈಗಲೂ ಇಲ್ಲ.

ಮನೆಮನೆಯ ಬಾಗಿಲು ತಟ್ಟಿದ ಆ ದಿನದ ಸಂಜೆಯೇ ನಾನೂ ಸೊಪ್ಪಿನವ್ವಳೂ ಪೊಲೀಸ್ ಠಾಣೆಗೆ ಹೋದೆವು. ಅವಳು ಮೊಳೆಯನ್ನು ಮೇಜಿನ ಮೇಲೆ ಇಟ್ಟಳು. ಬರೆದುಕೊಳ್ಳಲು ಕೂತಿದ್ದವನಿಗೆ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವನು ಕೆಟ್ಟವನಲ್ಲ, ಗಮನವಿಟ್ಟೇ ಕೇಳಿದ. ಆಮೇಲೆ ಪೆನ್ನು ಕೆಳಗಿಟ್ಟು ಹಣೆ ಉಜ್ಜಿಕೊಂಡ.

"ನೀವೇ ಹೇಳಿ ಮೇಡಂ, ಏನಂತ ಬರೀಲಿ? ಬಟ್ಟೆ ಎಲ್ಲಿತ್ತು ಅಂತ ಕೇಳಿದ್ದು ಯಾರು? ದೆವ್ವನಾ, ಈಯಮ್ಮನಾ?"

ಸೊಪ್ಪಿನವ್ವ ನನ್ನ ಕಡೆ ನೋಡಲಿಲ್ಲ. ಮೊಳೆಯನ್ನೇ ನೋಡುತ್ತಿದ್ದಳು.

"ಕೇಳಿದ್ದು ಯಾರು ಅಂತ ನಂಗೆ ಗೊತ್ತಿಲ್ಲ ಸರ್" ಎಂದೆ. "ಉತ್ತರ ಕೊಟ್ಟೋರು ಯಾರು ಅಂತ ಗೊತ್ತು. ಅವರು ಬದುಕಿದ್ದಾರೆ. ಅವರ ಹೆಸರು ಬರ್ಕೊಳ್ಳಿ."